ಅಂಟು ಆರದ ಮೂರು ಪುಸ್ತಕಗಳು

2025ರ ಜನವರಿ 4ರ ಶನಿವಾರ ಬೆಳಿಗ್ಗೆ ಆರೂವರೆಗೆ ಎದ್ದು ನೋಡಿದರೆ, ಬಚ್ಚಲ ಮಾಡದಲ್ಲಿಟ್ಟಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಬುಡದಿಂದ ಕೊರಳಿನವರೆಗೆ ಬೆಳ್ಳಗೆ ಗಟ್ಟಿಯಾಗಿತ್ತು. ಎಳ್ಳಮಾವಾಸ್ಯೆ ಮುಗಿದು ಐದು ದಿನವಾಗಿತ್ತು. ಆ ಹಬ್ಬ ಕಳೆದ ಮೇಲೆ ಥಂಡಿ ಇಳಿಯಬೇಕೆಂದು ನಮ್ಮ ಧಾರವಾಡದ ಹಿರಿಯರು ಹೇಳುತ್ತಾರಾದರೂ ಈ ವರ್ಷ ಅದು ಹಿರಿಯರ ಮಾತು ಕೇಳಿರಲಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದ ಎರಡು ಸಜ್ಜಿ ರೊಟ್ಟಿಗಳನ್ನೂ ಶೇಂಗಾ ಚಟ್ನಿಯನ್ನೂ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು, ಸ್ವೆಟರಿನ ಮೇಲೊಂದು ಶಾಲು ಹೊದ್ದು, ಹಿಂದಿನ ರಾತ್ರಿಯೇ ಬರೆದಿಟ್ಟಿದ್ದ ಕೆಲಸಗಳ ಪಟ್ಟಿಯನ್ನು ಮತ್ತೊಮ್ಮೆ ಓದಿದೆ. ಆಸ್ತಿ ತೆರಿಗೆ ಕಟ್ಟುವುದು, ಅಂಚೆ ಕಚೇರಿ, ಸ್ಟಾಂಪ್ ಪ್ಯಾಡಿನ ಶಾಯಿ, ಬೈಂಡರ್ ಕಾಕಾನ ಅಂಗಡಿ, ಶಾಖಾ ಗ್ರಂಥಾಲಯದಲ್ಲಿ ಒಂದೂವರೆ ತಾಸು, ಆಮೇಲೆ ಸವದತ್ತಿ ರಸ್ತೆಯ ಹಳ್ಳಿಯೊಂದರ ಗ್ರಾಮ ಪಂಚಾಯಿತಿ ಗ್ರಂಥಾಲಯ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ 34 ವರ್ಷ ಗುಮಾಸ್ತೆಯಾಗಿದ್ದವಳಿಗೆ ಪಟ್ಟಿಯಿಲ್ಲದೆ ಮನೆಯಿಂದ ಹೊರಬೀಳುವುದು ಸಾಧ್ಯವಿಲ್ಲ.

ಗ್ರಂಥಾಲಯದ ಸ್ವಯಂಸೇವೆಗೆ ನಾನು ಬಿದ್ದದ್ದು ನಿವೃತ್ತಿಯ ಮರುವರ್ಷ. ಎರವಲು ಪಡೆದ ಪುಸ್ತಕ ಮರಳಿಸಲು ಹೋದಾಗ, ಅಲ್ಲಿದ್ದ ಒಬ್ಬರೇ ಸಿಬ್ಬಂದಿ ಬಾಗಿಲು ತೆರೆದು, ಕಸ ಗುಡಿಸಿ, ಪತ್ರಿಕೆಗಳನ್ನು ಕಡ್ಡಿಗೆ ಸಿಕ್ಕಿಸಿ, ಪುಸ್ತಕ ಕೊಟ್ಟು-ಪಡೆದು, ನಡುನಡುವೆ ಮೇಲಧಿಕಾರಿಗಳ ಫೋನಿಗೂ ಉತ್ತರಿಸುತ್ತಿರುವುದನ್ನು ಕಂಡು, ವಾರಕ್ಕೊಂದು ದಿನ ಬಂದು ಕಪಾಟು ಸರಿಮಾಡಿಕೊಡಲೇ ಎಂದು ಕೇಳಿದೆ. ಅವರಿಗೆ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಯಿತು. ಸಂಬಳವಿಲ್ಲದೆ ಕೆಲಸ ಮಾಡುವವರನ್ನು ಯಾವ ವಹಿಯಲ್ಲಿ ಬರೆಯಬೇಕು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಪ್ರತಿ ಮತ್ತು ಒಂದು ಅರ್ಜಿ ಪಡೆದು, ಓದುಗರ ಹಾಜರಿ ಪುಸ್ತಕದಲ್ಲೇ ಸಹಿ ಮಾಡಿಸತೊಡಗಿದರು. ಇಂದಿಗೂ ಆ ಶಾಖೆಯ ದಾಖಲೆಯ ಪ್ರಕಾರ ನಾನು ಅಲ್ಲಿಗೆ ಪತ್ರಿಕೆ ಓದಲು ಹೋಗುವವಳು.

ತೆರಿಗೆಯ ಕೆಲಸ ಮೊದಲು. ಏಪ್ರಿಲ್‌ನಲ್ಲೇ ಕಟ್ಟಿದ್ದರೆ ರಿಯಾಯಿತಿ ಸಿಗುತ್ತಿತ್ತು. ಮನೆಯ ಅಳತೆಯ ಒಂದು ತಕರಾರು ಬಗೆಹರಿಯುವಷ್ಟರಲ್ಲಿ ಹೊಸ ವರ್ಷ ಬಂದು, ರಿಯಾಯಿತಿಯ ಜಾಗದಲ್ಲಿ ದಂಡ ಕೂತಿತ್ತು. ಕೌಂಟರಿನ ಮುಂದೆ ನಾಲ್ಕೈದು ಮಂದಿ ಕಿವಿಗೆ ಮಫ್ಲರ್ ಸುತ್ತಿಕೊಂಡು, ಅಂಗೈ ಉಜ್ಜುತ್ತ, ಒಳಗಿನ ಕಂಪ್ಯೂಟರ್ ಎಚ್ಚರಗೊಳ್ಳುವುದನ್ನು ಕಾಯುತ್ತಿದ್ದರು. ಮುಕ್ಕಾಲು ತಾಸಿನ ಮೇಲೆ ರಸೀದಿ ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಒಟ್ಟು ಮೊತ್ತವನ್ನಲ್ಲ, ಅದರೊಳಗಿನ ಒಂದು ಸಣ್ಣ ಸಾಲನ್ನು. ತೆರಿಗೆ 3,850 ರೂಪಾಯಿ; ಅದರ ಮೇಲೆ ಶೇಕಡಾ 6ರಂತೆ ಗ್ರಂಥಾಲಯ ಕರ 231 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಮ್ಮ ರಾಜ್ಯದಲ್ಲಿ ಈ ಕರಕ್ಕೆ ಆಧಾರ. ಮನೆ ಇರುವ ಪ್ರತಿಯೊಬ್ಬರೂ, ಜೀವನದಲ್ಲಿ ಒಮ್ಮೆಯೂ ಗ್ರಂಥಾಲಯದ ಹೊಸ್ತಿಲು ತುಳಿಯದವರೂ, ವರ್ಷಕ್ಕೊಮ್ಮೆ ಅದರ ಖರ್ಚಿಗೆ ಕೈಹಾಕಿಯೇ ಇರುತ್ತಾರೆ. ಆದರೆ ರಸೀದಿಯ ಆ ಸಾಲನ್ನು ಓದಿದವರನ್ನು ನಾನು ಕಂಡದ್ದು ಕಡಿಮೆ. ಅದರ ಆಜೂಬಾಜು ಇರುವುದು ಆರೋಗ್ಯ ಕರ ಮತ್ತು ಭಿಕ್ಷುಕರ ಕರ. ರೋಗಿಗೂ ಭಿಕ್ಷುಕನಿಗೂ ನಡುವೆ ಓದುಗನನ್ನು ಕೂರಿಸಿದ ಗುಮಾಸ್ತ ಯಾರೋ, ಲೋಕ ಬಲ್ಲವನೇ ಇರಬೇಕು. ಊರೂರುಗಳಲ್ಲಿ ಸಂಗ್ರಹವಾದ ಈ ಕರ ಸಕಾಲಕ್ಕೆ ಗ್ರಂಥಾಲಯಗಳನ್ನು ತಲುಪುವುದಿಲ್ಲ ಎಂಬ ದೂರು ಹಳೆಯದು. ಹಾಗೆ ತಡವಾದಾಗಲೆಲ್ಲ ಹೊಲಿಗೆ ಬಿಚ್ಚಿದ ಪುಸ್ತಕಗಳು ಬೈಂಡಿಂಗಿಗೆ ಹೋಗದೆ ಕಪಾಟಿನ ಮೇಲೆ ರಾಶಿಬೀಳುತ್ತವೆ ಎಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಅಂಚೆ ಕಚೇರಿಯ ಕೆಲಸ ಆಗಲಿಲ್ಲ. ಎರಡೆರಡು ಪ್ರತಿಗಳಿದ್ದ ಆರು ಮಕ್ಕಳ ಪುಸ್ತಕಗಳನ್ನು, ಬೀದರಿನ ತಮ್ಮ ಓಣಿಯಲ್ಲಿ ಮಕ್ಕಳಿಗಾಗಿ ಓದುವ ಕೋಣೆ ನಡೆಸುತ್ತಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಕಳಿಸಬೇಕಿತ್ತು. ನೋಂದಾಯಿತ ಪುಸ್ತಕ ಅಂಚೆ ಎಂಬ ಅಗ್ಗದ ವ್ಯವಸ್ಥೆ ಕಳೆದ ಡಿಸೆಂಬರ್‌ನಲ್ಲೇ ನಿಂತುಹೋಗಿದೆ ಎಂದು ಕೌಂಟರಿನಲ್ಲಿದ್ದ ಹುಡುಗಿ ನಯವಾಗಿಯೇ ತಿಳಿಸಿದಳು. ಪಾರ್ಸೆಲಿನ ದರ ಕೇಳಿ, ಲೆಕ್ಕ ಹಾಕಿ, ಬೀದರಿನ ಕಡೆಗೆ ಹೋಗುವ ನೆಂಟರು ಯಾರಾದರೂ ಸಿಗುವವರೆಗೆ ಕಾಯುವುದೆಂದು ಕಟ್ಟನ್ನು ಮರಳಿ ಚೀಲಕ್ಕೆ ಹಾಕಿಕೊಂಡೆ.

ಸುಭಾಸ ರಸ್ತೆಯ ಹಿಂದಿನ ಸಂದಿಯಲ್ಲಿ ಬೈಂಡರ್ ಕಾಕಾನ ಅಂಗಡಿಯಿದೆ. ಅಂಗಡಿ ಎನ್ನುವುದಕ್ಕಿಂತ ಒಂದು ಅಗಲವಾದ ಓಣಿಗೆ ಮಾಳಿಗೆ ಹೊದಿಸಿದ ಹಾಗಿದೆ. ಎದುರಿಗೆ ಕಾಗದ ಕತ್ತರಿಸುವ ಯಂತ್ರ, ಬಲಕ್ಕೆ ರಟ್ಟಿನ ಹಾಳೆಗಳು, ಮೂಲೆಯಲ್ಲಿ ರೆಕ್ಸಿನ್ ಸುರುಳಿಗಳು, ನೆಲದ ಮೇಲೆ ಒಂದು ಬುಟ್ಟಿ ಅಂಟು. ಹನ್ನೆರಡು ದಿನಗಳ ಹಿಂದೆ ಹಳ್ಳಿಯ ಗ್ರಂಥಾಲಯದ ಹನ್ನೆರಡು ಪುಸ್ತಕಗಳನ್ನು ಅವರಿಗೆ ಕೊಟ್ಟಿದ್ದೆ. ಎಲ್ಲವೂ ಬೆನ್ನು ಬಿಟ್ಟಿದ್ದವು. ಕೆಲವಕ್ಕೆ ನಡುವಿನ ಹಾಳೆಗಳೇ ಕಳಚಿದ್ದವು. ಈಗಿನ ಅಗ್ಗದ ಮುದ್ರಣಗಳಲ್ಲಿ ಹಾಳೆಗಳನ್ನು ಮಡಿಕೆ ಮಾಡಿ ಹೊಲಿಯುವುದಿಲ್ಲ. ಬೆನ್ನಿಗೆ ಬಿಸಿ ಅಂಟು ಸವರಿ ಹೊದಿಕೆ ಒತ್ತುತ್ತಾರೆ. ಮನೆಯಲ್ಲಿ ಒಬ್ಬರೇ ಓದುವ ಪುಸ್ತಕಕ್ಕೆ ಅಷ್ಟು ಸಾಕು. ನಲವತ್ತು ಮಕ್ಕಳ ಕೈಗೆ ಹೋಗಿಬರುವ ಪುಸ್ತಕ ಅದೇ ಅಂಟಿನ ಮೇಲೆ ಒಂದು ವರ್ಷವೂ ಬಾಳುವುದಿಲ್ಲ. ಕಾಕಾ ಅಂಥ ಪುಸ್ತಕದ ಹಳೆಯ ಅಂಟನ್ನು ಕೆತ್ತಿ ತೆಗೆದು, ಅಂಚಿನಿಂದ ಸ್ವಲ್ಪ ಒಳಕ್ಕೆ ತೂತು ಕೊರೆದು, ದಪ್ಪ ದಾರದಿಂದ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಕೂರಿಸುತ್ತಾರೆ. ಅಂಟು ಎಂದರೆ ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿದ್ದು. ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಬೀಳಲೇಬೇಕು. ಇಲ್ಲದಿದ್ದರೆ ನಾವು ಪುಸ್ತಕಕ್ಕಲ್ಲ, ಹುಳಗಳಿಗೆ ಊಟಕ್ಕೆ ಇಟ್ಟಂತಾಗುತ್ತದೆ.

ಒಂಬತ್ತು ಪುಸ್ತಕಗಳು ಸಿದ್ಧವಾಗಿದ್ದವು. ಉಳಿದ ಮೂರು ಒಂದರ ಮೇಲೊಂದು ಕೂತು, ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಹಳೆಯ ಬೀಸುಕಲ್ಲು ಹೊತ್ತುಕೊಂಡಿದ್ದವು.

"ಥಂಡಿ ಭಾಳ ಐತ್ರೀ ಅಕ್ಕಾರ, ಅಂಟ ಲಗೂ ಆರವಲ್ದು," ಎಂದರು ಕಾಕಾ. "ಹಸೀದ ಒಯ್ದ್ರ ರಟ್ಟ ಸೊಟ್ಟ ಆಕ್ಕಾವು. ಮಂಗಳವಾರ ಬರ್ರಿ."

ಬಿಸಿಲಿಗೆ ಇಟ್ಟರಾಗದೇ ಎಂದು ಕೇಳಿದೆ. ಕಾಕಾ ನನ್ನನ್ನು ಕನಿಕರದಿಂದ ನೋಡಿದರು. ಬಿಸಿಲಿಗಿಟ್ಟರೆ ಹೊರಗಿನ ರಟ್ಟು ಮೊದಲು ಒಣಗಿ ಕಮಾನಿನಂತೆ ಬಾಗುತ್ತದೆಯಂತೆ. ನೆರಳಲ್ಲಿ, ಭಾರದ ಕೆಳಗೆ, ತನ್ನ ಪಾಡಿಗೆ ಆರಬೇಕು. ಒಂಬತ್ತು ಪುಸ್ತಕಗಳ ಹಣ ಕೊಟ್ಟು, ರಸೀದಿಯ ಹಿಂದೆ "3 ಬಾಕಿ" ಎಂದು ಬರೆಸಿಕೊಂಡು ಹೊರಟೆ. ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿ ಅದೇ ಸಂದಿಯ ತುದಿಯಲ್ಲಿ ಸಿಕ್ಕಿತು.

ಶಾಖಾ ಗ್ರಂಥಾಲಯದಲ್ಲಿ ಚಳಿಗಾಲದ ಬೆಳಗಿಗೆ ಅದರದೇ ಒಂದು ಕ್ರಮವಿದೆ. ಬಾಗಿಲು ತೆರೆಯುವ ಮೊದಲೇ ಮಂಕಿ ಕ್ಯಾಪ್ ಹಾಕಿದ ಹಿರಿಯರು ಮೆಟ್ಟಿಲ ಮೇಲೆ ಬಿಸಿಲು ಬಿದ್ದ ಕಡೆಗೆ ಸರಿಯುತ್ತ ಕೂತಿರುತ್ತಾರೆ. ಒಳಗೆ ಬಂದ ಮೇಲೆ ಒಂದು ಪತ್ರಿಕೆ ನಾಲ್ಕು ಮಂದಿಯ ಪಾಲಾಗುತ್ತದೆ: ಮುಖಪುಟ ಒಬ್ಬರಿಗೆ, ಜಿಲ್ಲೆಯ ಪುಟ ಇನ್ನೊಬ್ಬರಿಗೆ, ಕ್ರೀಡೆ ಮತ್ತೊಬ್ಬರಿಗೆ; ನಿಧನ ವಾರ್ತೆಯ ಪುಟಕ್ಕೆ ಮಾತ್ರ ಎಲ್ಲರೂ ಸರದಿಯಲ್ಲಿರುತ್ತಾರೆ. ಉಳಿದ ಕುರ್ಚಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರವು. ಧಾರವಾಡಕ್ಕೆ ಈ ಮಕ್ಕಳು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬರುತ್ತಾರೆ. ಬಾಡಿಗೆ ಕೋಣೆಯಲ್ಲಿ ಐದಾರು ಮಂದಿ ಮಲಗಲು ಜಾಗವಿದ್ದರೂ ಓದಲು ಇರುವುದಿಲ್ಲ. ಅವರು ಪುಸ್ತಕಗಳನ್ನು ತಾವೇ ತರುತ್ತಾರೆ, ಗ್ರಂಥಾಲಯದಿಂದ ಬೇಡುವುದು ಒಂದು ಮೇಜು ಮತ್ತು ಮೌನ. ಇದನ್ನು ದೂರುವವರಿದ್ದಾರೆ. ನನಗೆ ಅದರಲ್ಲಿ ದೂರುವಂಥದ್ದು ಕಂಡಿಲ್ಲ; ಕುರ್ಚಿಯೂ ಗ್ರಂಥಾಲಯ ಕೊಡುವ ವಸ್ತುವೇ. ಹಿಂದಿನ ಭಾನುವಾರವಷ್ಟೇ ಕೆ.ಎ.ಎಸ್. ಪೂರ್ವಭಾವಿ ಮರುಪರೀಕ್ಷೆ ಮುಗಿದಿತ್ತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದ ತಪ್ಪುಗಳ ಬಗ್ಗೆ ಹೊರಗಿನ ಕಟ್ಟೆಯ ಮೇಲೆ ಎತ್ತರದ ದನಿಯಲ್ಲಿ ನಡೆದಿದ್ದ ಚರ್ಚೆ ಒಳಗೂ ಕೇಳುತ್ತಿತ್ತು.

ಅಲ್ಲಿ ನನ್ನ ಕೆಲಸ ಕಪಾಟು ಓದುವುದು. ಪುಸ್ತಕ ಓದುವುದಲ್ಲ, ಪುಸ್ತಕಗಳ ಬೆನ್ನ ಮೇಲಿನ ಸಂಖ್ಯೆಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಓದುತ್ತ, ಜಾಗ ತಪ್ಪಿದ್ದನ್ನು ಹಿರಿದು ಅದರ ಮನೆಗೆ ಸೇರಿಸುವುದು. ಐದು ಸಾವಿರ ಪುಸ್ತಕಗಳ ನಡುವೆ ಎರಡು ಕಪಾಟು ಆಚೆ ಹೋಗಿ ಕೂತ ಪುಸ್ತಕ ಕಳುವಾದದ್ದಕ್ಕೆ ಸಮ; ಪಟ್ಟಿಯಲ್ಲಿ ಇರುತ್ತದೆ, ಕೈಗೆ ಸಿಗುವುದಿಲ್ಲ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ವಿಧಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ವೇಳೆಯನ್ನು ಉಳಿಸಬೇಕೆಂಬುದು. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಓದುಗನ ಹತ್ತು ನಿಮಿಷ ಉಳಿಸಲು ಇನ್ನೊಬ್ಬರ ಒಂದೂವರೆ ತಾಸು ಹೋಗುತ್ತದೆ ಎಂಬ ಲೆಕ್ಕ ಕಪಾಟಿನ ಮುಂದೆ ಮೊಣಕಾಲೂರಿದ ಮೇಲಷ್ಟೇ ನನಗೆ ಗೊತ್ತಾಯಿತು.

ನಮ್ಮ ಶಾಖೆಯಲ್ಲಿರುವುದು ಡ್ಯೂಯಿ ದಶಮಾಂಶ ವರ್ಗೀಕರಣ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ. 800 ಎಂದರೆ ಸಾಹಿತ್ಯ, 894.8 ದ್ರಾವಿಡ ಭಾಷೆಗಳದು, 894.814 ಕನ್ನಡ, ಅದರ ಮುಂದೆ 1 ಬಂದರೆ ಕಾವ್ಯ, 2 ನಾಟಕ, 3 ಕಾದಂಬರಿ-ಕಥೆ. ಅಮೆರಿಕದಲ್ಲಿ ಹುಟ್ಟಿದ ಪದ್ಧತಿಯಾದ್ದರಿಂದ ಇಂಗ್ಲಿಷ್ ಕಾದಂಬರಿಗೆ 823 ಎಂಬ ಮೂರೇ ಅಂಕೆ ಸಾಕು. ಕನ್ನಡ ಕಾದಂಬರಿಗೆ 894.8143 ಎಂದು ಏಳು ಅಂಕೆ ಬರೆಯಬೇಕು. ಧಾರವಾಡದ ಗ್ರಂಥಾಲಯದಲ್ಲಿ ಕನ್ನಡ ಕಾದಂಬರಿ ಸಾವಿರವಿದ್ದರೆ ಇಂಗ್ಲಿಷಿನವು ನೂರು. ಆದರೂ ಉದ್ದನೆಯ ಹೆಸರು ಹೊರಬೇಕಾದದ್ದು ಮನೆಯ ಮಗಳು, ಮೂರಕ್ಷರದಲ್ಲಿ ಹಗುರಾಗಿ ಕೂತದ್ದು ನೆಂಟರ ಮಗಳು. ತೆಳ್ಳಗಿನ ಕವನ ಸಂಕಲನಗಳ ಬೆನ್ನ ಮೇಲೆ ಅಷ್ಟು ಅಂಕೆ ಹಿಡಿಸುವುದೇ ಇಲ್ಲ. ಚೀಟಿಯನ್ನು ಮಡಿಸಿ ಮುಂದಿನ ಹೊದಿಕೆಗೆ ಅಂಟಿಸಬೇಕಾಗುತ್ತದೆ.

ಆ ದಿನ ವಚನ ಸಾಹಿತ್ಯದ ಸಾಲಿನ ಹಿಂದೆ, ಗೋಡೆಗೆ ಒತ್ತಿ ಅಡ್ಡವಾಗಿ ಇರಿಸಿದ್ದ ಮೂರು ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆಯ ಕೈಪಿಡಿಗಳು ಸಿಕ್ಕವು. ಬೇರೆಯವರ ಕೈಗೆ ಬೀಳಬಾರದೆಂದು ಯಾರೋ ಮುಚ್ಚಿಟ್ಟು, ದಿನವೂ ಬಂದು ತೆಗೆದು ಓದಿ, ಮರಳಿ ಅಲ್ಲೇ ಇಡುತ್ತಿದ್ದಿರಬೇಕು. ವಚನಗಳ ಕಡೆಗೆ ಯಾರೂ ಕೈಚಾಚುವುದಿಲ್ಲ ಎಂಬುದು ಆ ಭಾವಿ ಪೊಲೀಸ್ ಅಧಿಕಾರಿಯ ತನಿಖೆಯಲ್ಲಿ ಮೊದಲೇ ಗೊತ್ತಾಗಿತ್ತು. ಕಳಬೇಡ ಎಂದು ಹೇಳುವ ಸಾಲುಗಳ ಬೆನ್ನಿಗೇ ನಡೆದ ಕೆಲಸವಿದು. ಮೂರನ್ನೂ ಎದುರಿಗಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಯಾರ ಮುಖ ಸಪ್ಪಗಾಗುತ್ತದೆ ಎಂದು ನೋಡುವ ಆಸೆ ಇತ್ತಾದರೂ ಬಸ್ಸಿನ ಹೊತ್ತಾಗಿತ್ತು.

ಹಳೇ ಬಸ್ ನಿಲ್ದಾಣದಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ: ಮರುದಿನದಿಂದ ಬಸ್ ದರ ಶೇಕಡಾ 15 ಏರಲಿತ್ತು. ನನಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಟಿಕೆಟ್ಟನ್ನೂ ತಮ್ಮ ಟಿಕೆಟ್ಟನ್ನೂ ಒಮ್ಮೆ ನೋಡಿ ಕಿಟಕಿಯ ಕಡೆಗೆ ತಿರುಗಿಕೊಂಡರು. ಬೈಂಡಾದ ಒಂಬತ್ತು, ನಮ್ಮ ಓಣಿಯಲ್ಲಿ ಸಂಗ್ರಹಿಸಿದ ದೇಣಿಗೆಯ ಅರವತ್ತೊಂದು, ಬೀದರಿಗೆ ಹೋಗದೆ ಉಳಿದ ಆರು. ಎರಡು ಚೀಲಗಳ ಭಾರ ನೋಡಿ ಕಂಡಕ್ಟರ್ ಒಳಗೆ ಏನಿದೆ ಎಂದು ಕೇಳಿದರು. ಪುಸ್ತಕ ಎಂದೆ. "ಅಕ್ಕಿಗಿಂತ ಜಡ ಅದಾವಲ್ರೀ ಇವು," ಎಂದು ಕಾಲಿನಿಂದ ಮೆಲ್ಲಗೆ ಸೀಟಿನ ಕೆಳಗೆ ಸರಿಸಿದರು. ಅಮ್ಮಿನಭಾವಿ ದಾಟಿದ ಮೇಲೆ ಎರಡೂ ಬದಿಗೆ ಎರಿಭೂಮಿ. ಬಿಳಿಜೋಳ ತೆನೆ ಹಿಡಿದಿತ್ತು, ಕಡಲೆಯ ಹೊಲಗಳು ಇನ್ನೂ ಹಸಿರಾಗಿದ್ದವು.

ಹಳ್ಳಿಯ ಗ್ರಂಥಾಲಯ ಪಂಚಾಯಿತಿ ಕಟ್ಟಡದ ಮಗ್ಗುಲಿನ ಒಂದು ಕೋಣೆ. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚಿವೆ. 2019ರಲ್ಲಿ ಇವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಫಲಕದ ಮೇಲೆ "ಅರಿವು ಕೇಂದ್ರ" ಎಂದಿರುತ್ತದೆ. 2020ರ ಮಕ್ಕಳ ದಿನದಂದು ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಜನರಿಂದ ಪುಸ್ತಕ ಬೇಡಿ ತರುವ "ಪುಸ್ತಕ ಜೋಳಿಗೆ"ಯೂ ನಡೆಯಿತು. ಗ್ರಂಥಾಲಯ ನಡೆಸುವವರನ್ನು ಇಲ್ಲಿ ಗ್ರಂಥಪಾಲಕರು ಎನ್ನುವುದಿಲ್ಲ, ಮೇಲ್ವಿಚಾರಕರು ಎನ್ನುತ್ತಾರೆ. ಈ ಊರಿನ ಮೇಲ್ವಿಚಾರಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು; ತನ್ನ ಮನೆಯ ಕಸಬರಿಗೆಯನ್ನೇ ಗ್ರಂಥಾಲಯಕ್ಕೆ ತಂದಿಟ್ಟವಳು.

ದೇಣಿಗೆಯ ಚೀಲ ಬಿಚ್ಚಿ ಮೊದಲು ಮಾಡಿದ್ದು ಆರಿಸುವ ಕೆಲಸ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂದು ಗಾದೆ ಹೇಳುತ್ತದೆ. ಗ್ರಂಥಾಲಯದಲ್ಲಿ ಹಲ್ಲು ಎಣಿಸದಿದ್ದರೆ ಕೊಟ್ಟಿಗೆಯೇ ತುಂಬಿಹೋಗುತ್ತದೆ. ಅರವತ್ತೊಂದರಲ್ಲಿ ಪಠ್ಯಕ್ರಮ ಬದಲಾದ ಗೈಡುಗಳು ಹದಿನಾಲ್ಕು, ಬರೆದು ಮುಗಿಸಿದ ಡೈರಿ ಒಂದು, ಯಾರದೋ ಷಷ್ಟ್ಯಬ್ದಿಯ ಸ್ಮರಣ ಸಂಚಿಕೆ ನಾಲ್ಕು ಪ್ರತಿ, ಒದ್ದೆಯಾಗಿ ಹಾಳೆ ಕಚ್ಚಿಕೊಂಡಿದ್ದು ಮೂರು. ಮನೆ ಸ್ವಚ್ಛ ಮಾಡುವವರಿಗೆ ಪುಸ್ತಕವನ್ನು ರದ್ದಿಗೆ ಹಾಕಲು ಮನಸ್ಸು ಬಾರದೆ, ಆ ಪಾಪವನ್ನು ಗ್ರಂಥಾಲಯದ ತಲೆಗೆ ಕಟ್ಟುತ್ತಾರೆ. ಇವನ್ನು ಮುಲಾಜಿಲ್ಲದೆ ಬೇರೆ ಮಾಡಬೇಕಾದದ್ದು ದಾಖಲಾಗುವ ಮೊದಲೇ, ಏಕೆಂದರೆ ಬಂದ ಪುಸ್ತಕಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟು ಬರೆದಿಡುವ ಅಕ್ಸೆಷನ್ ರಜಿಸ್ಟರಿನಲ್ಲಿ ಒಮ್ಮೆ ಸಂಖ್ಯೆ ಬಿತ್ತೆಂದರೆ ಅದು ಸಾರ್ವಜನಿಕ ಆಸ್ತಿ. ಹುಳ ತಿಂದರೂ ಮೇಲಿನವರ ಅಪ್ಪಣೆಯಿಲ್ಲದೆ ಎಸೆಯುವಂತಿಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ತಮ್ಮ ಗ್ರಂಥಾಲಯಗಳಿಗೆ ಒಂದು ಔದಾರ್ಯ ತೋರಿಸಿವೆ: ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇರಬಾರದಷ್ಟೇ. ಈ ಮಾತನ್ನು ನಮ್ಮ ಮೇಲ್ವಿಚಾರಕಿಗೆ ಹೇಳಿದಾಗ ಅವಳು ನಕ್ಕಳು. "ಅವರ ಸಾವಿರದಾಗ ಐದು ಹೋದ್ರ ನಡೀತೈತಿ ಮೇಡಂ, ನಮ್ಮಲ್ಲಿ ಒಂದು ಹೋದ್ರ ನಾನ ತುಂಬಬೇಕು ಅಂತ ಅಂಜಿಕಿ," ಎಂದಳು. ಈ ಅಂಜಿಕೆಯೇ ಎಷ್ಟೋ ಕಡೆ ಹೊಸ ಪುಸ್ತಕಗಳನ್ನು ಬೀಗದ ಕಪಾಟಿನಲ್ಲಿ ಇರಿಸಿದೆ.

ಉಳಿದ ಮೂವತ್ತೊಂಬತ್ತಕ್ಕೆ ಬೀದರಿನ ಆರನ್ನೂ ಸೇರಿಸಿ ನಲವತ್ತೈದು ಪುಸ್ತಕಗಳನ್ನು ದಾಖಲಿಸಲು ಕೂತೆವು. ಒಂದು ಪುಸ್ತಕಕ್ಕೆ ನಡೆಯುವ ಸಂಸ್ಕಾರ ಇಷ್ಟು: ರಜಿಸ್ಟರಿನಲ್ಲಿ ದಿನಾಂಕ, ಸಂಖ್ಯೆ, ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ, ಬೆಲೆ, ಎಲ್ಲಿಂದ ಬಂತು ಎಂಬ ವಿವರ, ಶೀರ್ಷಿಕೆ ಪುಟದ ಹಿಂದೆ ಮುದ್ರೆ, ಮುದ್ರೆಯೊಳಗೆ ಸಂಖ್ಯೆ, ಗುಟ್ಟಿನ ಪುಟ ಎಂದು ಗ್ರಂಥಾಲಯದವರು ತಮ್ಮೊಳಗೇ ಗೊತ್ತುಮಾಡಿಕೊಂಡ ಒಳಪುಟದಲ್ಲಿ ಇನ್ನೊಂದು ಮುದ್ರೆ, ಮೊದಲ ಹಾಳೆ ಹರಿದು ಒಯ್ದರೂ ಪುಸ್ತಕ ಯಾರದೆಂದು ಹೇಳುವ ಸಾಕ್ಷಿ ಅದು, ಕೊನೆಯ ಹಾಳೆಗೆ ದಿನಾಂಕದ ಚೀಟಿ, ಬೆನ್ನಿಗೆ ವಿಷಯದ ಚೀಟಿ. ಇಲ್ಲಿ ಡ್ಯೂಯಿ ಇಲ್ಲ. ಕಾದಂಬರಿಗೆ ಕೆಂಪು, ಮಕ್ಕಳ ಪುಸ್ತಕಕ್ಕೆ ಹಳದಿ, ಕೃಷಿಗೆ ಹಸಿರು, ಪರೀಕ್ಷೆಗೆ ನೀಲಿ ಪಟ್ಟಿ. ಅಕ್ಷರ ಬಾರದ ತಾಯಿಯೂ ಮಗುವಿಗೆ ಹಳದಿ ಪುಸ್ತಕ ತೆಗೆದುಕೊಡುತ್ತಾಳೆ. ಏಳು ಅಂಕೆಗಳ ಪದ್ಧತಿಗಿಂತ ಇದು ನನಗೆ ಹೆಚ್ಚು ಹಿಡಿಸಿದೆ ಎಂಬುದನ್ನು ಶಾಖೆಯಲ್ಲಿ ಹೇಳಿಲ್ಲ.

ಅವಳು ಮುದ್ರೆ ಒತ್ತುತ್ತಿದ್ದಳು, ನಾನು ರಜಿಸ್ಟರ್ ಬರೆಯುತ್ತಿದ್ದೆ. ಬ್ಯಾಂಕಿನ ಅಕ್ಷರವೆಂದು ಅವಳು ಹೊಗಳಿದ್ದೇ ತಪ್ಪಾಯಿತೋ ಏನೋ. 1,409 ಬರೆದ ಮೇಲೆ 1,410 ಬರೆಯುವ ಬದಲು ಕೈ 1,500 ಎಂದು ಬರೆದು, ಅಲ್ಲಿಂದ ನಿರಾತಂಕವಾಗಿ ಮುಂದೆ ಸಾಗಿತ್ತು. 1,522ಕ್ಕೆ ಬಂದಾಗ ಅವಳು ಕೇಳಿದಳು: "ಮೇಡಂ, ನಮ್ಮಲ್ಲಿ ಯಾವಾಗ ಒಂದೂವರೆ ಸಾವಿರ ಆದುವು?" ಅಷ್ಟರಲ್ಲಿ ಇಪ್ಪತ್ಮೂರು ಪುಸ್ತಕಗಳ ಮುದ್ರೆಯೊಳಗೆ ತಪ್ಪು ಸಂಖ್ಯೆ ಶಾಯಿಯಲ್ಲಿ ಕೂತಿತ್ತು. 34 ವರ್ಷಗಳಲ್ಲಿ ಎಷ್ಟೋ ಜನರ ಲೆಕ್ಕ ತಿದ್ದಿಸಿದವಳು ಅಂದು ತಲೆತಗ್ಗಿಸಿ ಕೂತೆ. ತಪ್ಪಿನ ಮೇಲೆ ಮತ್ತೆ ಬರೆಯಬಾರದು, ಬಿಳಿ ಬಣ್ಣ ಬಳಿಯಬಾರದು. ಹಳೆಯ ಸಂಖ್ಯೆ ಓದುವಂತೆಯೇ ಉಳಿಯುವ ಹಾಗೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಮೇಲೆ ಸರಿಯಾದ ಸಂಖ್ಯೆ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಇಪ್ಪತ್ಮೂರು ಸಾಲು, ಇಪ್ಪತ್ಮೂರು ಪುಸ್ತಕ, ಪ್ರತಿಯೊಂದರಲ್ಲೂ ಎರಡು ಮುದ್ರೆ. 1,410ರಿಂದ 1,432ರವರೆಗೆ ತಿದ್ದಿ ಮುಗಿಸುವಷ್ಟರಲ್ಲಿ ಸಜ್ಜಿ ರೊಟ್ಟಿಯ ಹೊತ್ತು ಮೀರಿತ್ತು. ಸಹಿ ಹಾಕಬೇಕಾದವಳು ಅವಳು, ತಪ್ಪು ನನ್ನದು. ಹಾಜರಿ ಪುಸ್ತಕದಲ್ಲೂ ಇಲ್ಲದವಳ ತಪ್ಪಿಗೆ ಸಂಬಳದವಳು ಹೊಣೆಯಾಗುವುದು ಸ್ವಯಂಸೇವೆಯ ಒಂದು ಮುಜುಗರ. ಷರಾ ಎಂಬ ಕೊನೆಯ ಅಂಕಣದಲ್ಲಿ ನನ್ನ ಹೆಸರನ್ನೂ ಬರೆಯುವಂತೆ ಒತ್ತಾಯಿಸಿ ಬರೆಸಿದೆ.

ಶನಿವಾರ ಶಾಲೆ ಬೇಗ ಬಿಡುವುದರಿಂದ ಮಕ್ಕಳು ಮನೆಯಲ್ಲಿ ಉಂಡು ಬಂದಿದ್ದರು. ಕೋಣೆಯೊಳಗೆ ಬಿಸಿಲು ಬೀಳುವುದಿಲ್ಲವಾದ್ದರಿಂದ ಜಮಖಾನೆಯನ್ನು ಹೊರಗಿನ ಕಟ್ಟೆಗೆ ಒಯ್ದು ಹಾಸಿದೆವು. ಚಳಿಗಾಲದಲ್ಲಿ ಈ ಮಕ್ಕಳ ಕೆನ್ನೆ, ತುಟಿ, ಅಂಗೈ ಎಲ್ಲ ಒಡೆದಿರುತ್ತವೆ. ತಾಯಂದಿರು ಕೊಬ್ಬರಿ ಎಣ್ಣೆ ಬಿಸಿಮಾಡಿ ಸವರಿ ಕಳಿಸುತ್ತಾರೆ. ಹೀಗಾಗಿ ಡಿಸೆಂಬರ್ ಮತ್ತು ಜನವರಿಯಲ್ಲಿ ಯಾವ ಪುಸ್ತಕವನ್ನು ಎಷ್ಟು ಮಂದಿ ಓದಿದ್ದಾರೆಂದು ತಿಳಿಯಲು ದಿನಾಂಕದ ಚೀಟಿ ನೋಡಬೇಕಾಗಿಲ್ಲ, ಪುಟದ ಬಲಮೂಲೆಯ ಹೆಬ್ಬೆರಳಿನ ಗುರುತುಗಳನ್ನು ಎಣಿಸಿದರೆ ಸಾಕು. ಎಣ್ಣೆಯ ಕಲೆಯ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಮೇಲೊಂದು ರದ್ದಿ ಕಾಗದವಿಟ್ಟು ರಾತ್ರಿಯಿಡೀ ಭಾರ ಹೇರಿದರೆ ಅರ್ಧಕ್ಕರ್ಧ ಹೀರಿಕೊಳ್ಳುತ್ತದೆ. ಕೈ ತೊಳೆದು ಬರಬೇಕೆಂಬ ಕಟ್ಟುನಿಟ್ಟು ಮಾಡೋಣವೇ ಎಂದು ಮೊದಲ ವರ್ಷ ನಾನು ಸೂಚಿಸಿದ್ದೆ. ಒಡೆದ ಕೈಯನ್ನು ತಣ್ಣೀರಲ್ಲಿ ತೊಳೆಯೆಂದರೆ ಮಕ್ಕಳು ಗ್ರಂಥಾಲಯದ ಕಡೆಗೆ ತಲೆಹಾಕುವುದಿಲ್ಲ ಎಂದು ಮೇಲ್ವಿಚಾರಕಿ ಹೇಳಿದ ಮೇಲೆ ಸೀಮೆಸುಣ್ಣಕ್ಕೇ ಗಟ್ಟಿಯಾದೆವು.

ಬೈಂಡಾಗಿ ಬಂದ ಒಂಬತ್ತನ್ನು ಕಟ್ಟೆಯ ಮೇಲೆ ಹರವಿದಾಗ ಮಕ್ಕಳು ಮೊದಲು ಮೂಸಿ ನೋಡಿದರು. ಹೊಸ ರೆಕ್ಸಿನ್‌ನ ವಾಸನೆ ಅವರಿಗೆ ಹೊಸ ಚೀಲದ ವಾಸನೆಯಂತೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕತೆಯನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಒತ್ತಕ್ಷರ ಬಂದಲ್ಲೆಲ್ಲ ನಿಂತು, ಬೆರಳಿಟ್ಟು, ಉಸಿರು ತೆಗೆದುಕೊಂಡು ದಾಟಿದಳು. ತಿದ್ದಲು ಬಾಯಿ ತೆರೆದ ದೊಡ್ಡ ಹುಡುಗನನ್ನು ಕಣ್ಣಿನಲ್ಲೇ ಸುಮ್ಮನಿರಿಸಿದೆ. ಕತೆ ಮುಗಿದ ಮೇಲೆ ಅವಳು ಹಸಿರು ಪಟ್ಟಿಯ ಪುಸ್ತಕವೊಂದನ್ನು ತಂದು, ಕಡಲೆಗೆ ಹುಳ ಬಿದ್ದಿದೆ, ಅಪ್ಪನಿಗೆ ಓದಿ ಹೇಳಬೇಕು ಎಂದು ತನ್ನ ಹೆಸರಿಗೆ ಬರೆಸಿಕೊಂಡಳು.

ಹೊರಡುವ ಹೊತ್ತಿಗೆ ಏಳೆಂಟು ವರ್ಷದ ಹುಡುಗನೊಬ್ಬ ಒಂಬತ್ತೂ ಪುಸ್ತಕಗಳನ್ನು ಎರಡು ಸಲ ತಿರುವಿಹಾಕಿ ನನ್ನ ಶಾಲಿನ ಅಂಚು ಜಗ್ಗಿದ.

"ಅಜ್ಜಿ, ಆನಿ ಪುಸ್ತಕ ಎಲ್ಲೈತಿ?"

ಆನೆಯ ಚಿತ್ರಗಳಿದ್ದ ಆ ಪುಸ್ತಕವನ್ನು ಬೈಂಡಿಂಗಿಗೆ ಒಯ್ದದ್ದು ನಾನೇ. ಅವನು ಅರ್ಧ ಓದಿದ್ದನಂತೆ; ಅಷ್ಟರಲ್ಲಿ ಹಾಳೆ ಕಳಚಿತೆಂದು ಮೇಲ್ವಿಚಾರಕಿ ತೆಗೆದಿಟ್ಟಿದ್ದಳು. ಅಂಟು ಇನ್ನೂ ಆರಿಲ್ಲ, ಕಲ್ಲಿನ ಕೆಳಗಿದೆ ಎಂದೆ. ಆನೆಯನ್ನು ಕಲ್ಲಿನ ಕೆಳಗೆ ಯಾಕೆ ಇಟ್ಟಿದ್ದಾರೆಂಬುದು ಅವನಿಗೆ ತಿಳಿಯಲಿಲ್ಲ. ಯಾವಾಗ ತರುತ್ತೀ ಎಂದು ಕೇಳಿದ. ಮುಂದಿನ ಶನಿವಾರ ಎನ್ನಹೊರಟವಳಿಗೆ, ಅದು ಎರಡನೇ ಶನಿವಾರ, ಪಂಚಾಯಿತಿಗೆ ರಜೆ ಎಂಬುದು ನೆನಪಾಯಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಬೆಳಗಿನ ಪಟ್ಟಿಯನ್ನು ತೆಗೆದು, ಆದ ಕೆಲಸಗಳ ಮುಂದೆ ಗುರುತು ಹಾಕಿದೆ. ಕೆಳಗೆ ಉಳಿದ ಜಾಗದಲ್ಲಿ "ಮಂಗಳವಾರ: ಕಾಕಾ" ಎಂದೂ, ಅದರ ಕೆಳಗೆ "ಬುಧವಾರ, ಮೊದಲ ಬಸ್: ಆನೆ" ಎಂದೂ ಬರೆದುಕೊಂಡೆ.